ಮೊದಲ ದಿನದ ಪಾಠ

೨೦೨೩ನೆಯ ಇಸವಿಯ ಮೊದಲ ದಿನವೂ ಕೊನೆಯ ದಿನವೂ ಮಹಾರಾಷ್ಟ್ರದ ದುಡಿಯುವ ಜನರ ಪಾಲಿಗೆ ಬೆಂಕಿಯ ದಿನಗಳಾದುವು. ಜನವರಿ ೧ರಂದು ನಾಸಿಕ ಜಿಲ್ಲೆಯ ಇಗತಪುರಿ ತಾಲೂಕಿನ ಮುಂಢೇಗಾಂವದಲ್ಲಿ, ಪ್ಲಾಸ್ಟಿಕ್ ಹಾಳೆ ತಯಾರಿಸುವ ದೊಡ್ಡ ಕಾರ್ಖಾನೆಯೊಂದರಲ್ಲಿ ಸ್ಫೋಟವಾಗಿ ಬೆಂಕಿ ಎದ್ದಿತು. ಅದೇ ದಿನ ಇಬ್ಬರು ಹೆಣ್ಣುಮಕ್ಕಳು ಸತ್ತರು. ಅನೇಕರು ಸುಟ್ಟ ಗಾಯಗಳಿಂದ ಆಸ್ಪತ್ರೆ ಸೇರಿದರು. ಡಿಸೆಂಬರ್ ೩೧ರ ನಡುರಾತ್ರಿ ಕಳೆದ ಮೇಲೆ ಛತ್ರಪತಿ ಸಂಭಾಜಿನಗರದ ವಾಳುಂಜ ಕೈಗಾರಿಕಾ ವಸಾಹತಿನಲ್ಲಿ, ಕೈಚೀಲ ಹೊಲಿಯುವ ಒಂದು ಕಾರ್ಖಾನೆಗೆ ಬೆಂಕಿ ಬಿತ್ತು. ದುಡಿಮೆಗೆಂದು ದೂರದಿಂದ ಬಂದವರು ಆ ಕಾರ್ಖಾನೆಯ ಒಳಗೇ ಮಲಗಿದ್ದರು. ಕೆಲವರು ಹೇಗೋ ಪಾರಾದರು. ಆರು ಜನ ಹೊರಗೆ ಬರಲಿಲ್ಲ. ಬೇರೆಯವರ ಕೈ ಕಾಯಲೆಂದು ಕೈಚೀಲ ಹೊಲಿದವರೇ ಬೆಂಕಿಗೆ ಬಲಿಯಾದರು.

ಎರಡೂ ಭಾನುವಾರಗಳು. ಎರಡೂ ಊರುಗಳು ನಮ್ಮ ನಗರದಿಂದ ಒಂದು ಹಗಲಿನ ಪ್ರಯಾಣದೊಳಗೆ ಇವೆ. ಮುಂಢೇಗಾಂವದ ಅದೇ ಕಾರ್ಖಾನೆಗೆ ೨೦೨೫ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬೆಂಕಿ ಬಿದ್ದು, ಅದನ್ನು ಆರಿಸಲು ದಿನಗಳೇ ಹಿಡಿದುವು.

ಈ ಬೆಂಕಿಗಳ ಕಾರಣವನ್ನು ವಿಚಾರಿಸುವುದು ಸರಕಾರದ ಹಾಗೂ ನ್ಯಾಯಾಲಯದ ಕೆಲಸ. ಯಾರ ತಪ್ಪು ಎಷ್ಟು ಎಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಆದರೆ ಇಂತಹ ಸುದ್ದಿ ಓದಿದಾಗಲೆಲ್ಲ ನಮ್ಮ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಅಲ್ಲಿ ದುಡಿಯುತ್ತಿದ್ದವನಿಗೆ ಅವನ ಮೊದಲ ದಿನ ಯಾರಾದರೂ, ಅವನಿಗೆ ತಿಳಿಯುವ ಮಾತಿನಲ್ಲಿ, “ಬೆಂಕಿ ಬಿದ್ದರೆ ಈ ಬಾಗಿಲಿನಿಂದ ಓಡು” ಎಂದು ತೋರಿಸಿದ್ದರೇ? ಈ ಸಂಚಿಕೆಯಲ್ಲಿ ನಾವು ಚರ್ಚಿಸಹೊರಟಿರುವುದು ಆ ಒಂದು ಮಾತನ್ನೇ.

ನಾಸಿಕ, ಸಂಭಾಜಿನಗರಗಳ ಗೊಡವೆ ಕನ್ನಡ ಕಾರ್ಮಿಕರ ಪತ್ರಿಕೆಗೇಕೆ ಎಂದು ಕೇಳುವವರಿರಬಹುದು. ನಮ್ಮ ಹಳೆಯ ವಾಚಕರು ಹಾಗೆ ಕೇಳಲಾರರು. ೧೯೮೨ರ ಜನವರಿ ೧೮ರಂದು ಆರಂಭವಾದ ಗಿರಣಿ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳ ಭೋಂಗಾ ನಿಂತಿತು. ಚಾಳಿನ ಮಕ್ಕಳು ಕೆಲಸ ಹುಡುಕಿಕೊಂಡು ಭಿವಂಡಿ, ಪುಣೆ, ನಾಸಿಕಗಳ ದಾರಿ ಹಿಡಿದರು. ನಾಸಿಕದ ಸಾತಪುರ, ಅಂಬಡ, ಸಿನ್ನರಗಳಲ್ಲಿ, ಸಂಭಾಜಿನಗರದ ಚಿಕಲಠಾಣ, ವಾಳುಂಜ, ಶೇಂದ್ರಾಗಳಲ್ಲಿ ಇಂದು ಯಂತ್ರದ ಮುಂದೆ ನಿಂತವರಲ್ಲಿ ಬೀದರ, ಕಲಬುರಗಿ, ವಿಜಯಪುರದ ಕಡೆಯವರಿದ್ದಾರೆ. ಇದು ಹೊಸ ನಂಟೂ ಅಲ್ಲ. ೧೯೫೬ರ ನವೆಂಬರ್ ೧ರ ವರೆಗೆ ಔರಂಗಾಬಾದೂ ಗುಲ್ಬರ್ಗವೂ ಬೀದರವೂ ಒಂದೇ ಹೈದರಾಬಾದ್ ಪ್ರಾಂತದಲ್ಲಿದ್ದುವು. ಗಡಿ ಬದಲಾಯಿತು, ಊರಿನ ಹೆಸರು ಬದಲಾಯಿತು, ರೊಟ್ಟಿ ಹುಡುಕುವ ದಾರಿ ಮಾತ್ರ ಬದಲಾಗಲಿಲ್ಲ. ಇನ್ನು ಉಡುಪಿ-ಕುಂದಾಪುರದ ಕಡೆಯ ಹೋಟೆಲ್ ಬಂಧುಗಳು ಈ ಎರಡೂ ಊರುಗಳಲ್ಲಿ ಇಡ್ಲಿಯ ಹಬೆ ಎಬ್ಬಿಸಿ ಎಷ್ಟೋ ಕಾಲವಾಯಿತು. ಈಗ ೨೦೨೬-೨೭ರ ಸಿಂಹಸ್ಥ ಕುಂಭಮೇಳದ ನಿಮಿತ್ತ ನಾಸಿಕ, ತ್ರ್ಯಂಬಕೇಶ್ವರಗಳಲ್ಲಿ ರಸ್ತೆ, ಸೇತುವೆ, ವಸತಿಗಳ ಕೆಲಸಕ್ಕೆ ಹೊಸಬರು ಬೇಕಾಗುತ್ತಾರೆ. ಕಂತ್ರಾಟುದಾರರು ಊರೂರಿಂದ ಆಳುಗಳನ್ನು ಕರೆತರುತ್ತಾರೆ. ಆದುದರಿಂದ ಇದು ನಮ್ಮ ಮನೆಯ ಮಾತು.

ಮೊದಲ ದಿನ ಈಗ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಕೆಲವು ದಿನಗಳ ಹಿಂದೆ ನಮ್ಮ ಸಂಘದ ಕಚೇರಿಗೆ ಇಂಡಿ ತಾಲೂಕಿನ ಕಡೆಯ ಒಬ್ಬ ಹುಡುಗ ಬಂದಿದ್ದ. ಬಲಗೈಯ ಎರಡು ಬೆರಳು ಇರಲಿಲ್ಲ. ತಗಡು ಒತ್ತುವ ಯಂತ್ರಕ್ಕೆ ಅವು ಹೋಗಿದ್ದುವು. ಕೆಲಸಕ್ಕೆ ಸೇರಿ ಒಂಬತ್ತನೆಯ ದಿನ. “ಮೊದಲ ದಿನ ಏನ್ ಹೇಳಿಕೊಟ್ರೋ ತಮ್ಮಾ?” ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು. “ಏನೂ ಇಲ್ರೀ ಕಾಕಾ. ಒಂದ್ ಕಾಗದಾ ಕೊಟ್ಟು ಸಹಿ ಮಾಡು ಅಂದ್ರು, ಮಾಡ್ದೆ. ಮುಕಾದಮ ಮಷೀನ್ ತೋರಿಸಿ ಹಿಂಗ ಹಾಕು, ಹಿಂಗ ತಗಿ ಅಂದ” ಎಂದ. ಕಾಗದದಲ್ಲಿ ಏನು ಬರೆದಿತ್ತು ಎಂದು ಕೇಳಿದರೆ, “ಇಂಗ್ರೇಜಿ ಇತ್ತ್ರೀ” ಎಂದ.

ಬಂಧುಗಳೇ, ಆ ಕಾಗದದಲ್ಲಿ ಬರೆದಿರಬಹುದಾದುದು ಇಷ್ಟೇ: “ಸುರಕ್ಷತೆಯ ಎಲ್ಲ ನಿಯಮಗಳನ್ನೂ ನನಗೆ ತಿಳಿಸಿಕೊಡಲಾಗಿದೆ.” ಹುಡುಗನಿಗೆ ಪಾಠ ಸಿಗಲಿಲ್ಲ, ಪಾಠವಾಯಿತೆಂಬ ರಸೀದಿ ಮಾತ್ರ ಧಣಿಗೆ ಸಿಕ್ಕಿತು. ನಾಳೆ ವಿಚಾರಣೆ ಬಂದರೆ ಆ ರಸೀದಿಯೇ ಹುಡುಗನ ವಿರುದ್ಧ ಸಾಕ್ಷಿ ಹೇಳುತ್ತದೆ. ಇಂತಹ ಸಹಿಯನ್ನು ನಾವು ಪಾಠವೆಂದು ಒಪ್ಪಲಾರೆವು.

ಇದು ಒಬ್ಬ ಹುಡುಗನ ದುರದೈವವೂ ಅಲ್ಲ. ಮೋಟಾರು ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಗಾಯಗೊಂಡವರ ನೆರವಿಗೆ ನಿಂತಿರುವ ‘ಸೇಫ್ ಇನ್ ಇಂಡಿಯಾ’ ಎಂಬ ಸಂಸ್ಥೆ ೨೦೧೯ರಿಂದ ತನ್ನ ವರದಿಗಳನ್ನು ಹೊರತರುತ್ತಿದೆ. ಅದರ ಕೆಲಸ ಹರಿಯಾಣದಲ್ಲಿ ಆರಂಭವಾಗಿ ಮಹಾರಾಷ್ಟ್ರಕ್ಕೂ ಬಂದಿದೆ. ಅದು ಕಂಡದ್ದೂ ಇದನ್ನೇ: ಬೆರಳು ಕಳೆದುಕೊಂಡವರಲ್ಲಿ ಹೆಚ್ಚಿನವರು ಪರ ಊರಿನಿಂದ ಬಂದವರು, ಹೆಚ್ಚು ಓದದವರು, ಬೆರಳು ತಿನ್ನುವ ಯಂತ್ರಗಳಲ್ಲಿ ಒತ್ತುಯಂತ್ರವೇ ಮೊದಲನೆಯದು, ರಾಜ್ಯ ವಿಮೆಯ ಚೀಟಿ ಬಹುಮಂದಿಯ ಕೈಗೆ ಬರುವುದು ಅಪಘಾತವಾದ ಮೇಲೆಯೇ. ಸಂಭಾಜಿನಗರವೂ ನಾಸಿಕವೂ ಮೋಟಾರು ಬಿಡಿಭಾಗಗಳ ಊರುಗಳು. ವಾಳುಂಜದಲ್ಲಿ ೧೯೮೫ರಲ್ಲಿ ಬಜಾಜ್ ಕಾರ್ಖಾನೆ ನಿಂತ ಮೇಲೆ ಅದರ ಸುತ್ತ ನೂರಾರು ಸಣ್ಣ ಕಾರ್ಖಾನೆಗಳು ಎದ್ದುವು. ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಟೋಪಿ, ಬೂಟು, ಪಾಠ ಎಲ್ಲವೂ ಇರುತ್ತವೆ. ಅದಕ್ಕೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಯ ತಗಡಿನ ಮಾಡಿನ ಕೆಳಗೆ ಬಂದಾಗ ಅವೆಲ್ಲ ಕರಗಿರುತ್ತವೆ.

ಹಿಂದೆ ಗಿರಣಿಯಲ್ಲಿ ಹೇಗಿತ್ತು? ಹಳೆಯ ದಿನಗಳನ್ನು ಹೊಗಳುವ ಚಪಲ ನಮಗಿಲ್ಲ. ಹೊಸಬ ಜಾಬರನ ಕೈಬಿಸಿ ಮಾಡಿ ಬದಲಿಯಾಗಿ ಸೇರಬೇಕಾಗಿತ್ತು. ಹತ್ತಿಯ ಧೂಳು ಕುಡಿದು ಎದೆ ಕೆಟ್ಟವರು, ಮಗ್ಗದ ಸದ್ದಿಗೆ ಕಿವಿ ಹೋದವರು ನಮ್ಮ ವಾಚಕರಲ್ಲೇ ಇದ್ದಾರೆ. ಆದರೂ ಒಂದು ಅನುಕೂಲವಿತ್ತು. ಹೊಸಬನ ಪಕ್ಕದಲ್ಲಿ ಅವನ ಊರಿನ ಕಾಕಾನೋ ಮಾಮಾನೋ ನಿಂತಿರುತ್ತಿದ್ದ. “ಧೋತರದ ಚುಂಗು ಕಟ್ಟು, ಪಟ್ಟಾ ತಿರುಗುವಾಗ ಕೈ ಚಾಚಬೇಡ, ಅಂಗಿಯ ತೋಳು ಮಡಚು” ಎಂದು ಊಟದ ಬಿಡುವಿನಲ್ಲಿ ಹೇಳುತ್ತಿದ್ದ. ಗದ್ದಲದಲ್ಲಿ ಮಾತು ಕೇಳಿಸದು ಎಂದು ಕೈಸನ್ನೆ ಕಲಿಸುತ್ತಿದ್ದ. ಆ ಪಾಠಕ್ಕೆ ಪುಸ್ತಕವಿರಲಿಲ್ಲ, ಆದರೆ ಅದು ಹುಡುಗನ ಭಾಷೆಯಲ್ಲಿತ್ತು. ಇಂದು ಆರು ತಿಂಗಳಿಗೊಮ್ಮೆ, ಕೆಲವೆಡೆ ತಿಂಗಳಿಗೊಮ್ಮೆ ಆಳುಗಳು ಬದಲಾಗುವ ಕಂತ್ರಾಟು ಪದ್ಧತಿಯಲ್ಲಿ ಆ ಕಾಕಾ ಇಲ್ಲ. ಹಳಬನೇ ಇಲ್ಲದ ಖಾತೆಯಲ್ಲಿ ಹೊಸಬನಿಗೆ ಕಲಿಸುವವರು ಯಾರು?

ಕಾಯಿದೆ ಏನೆನ್ನುತ್ತದೆ ಎಂಬುದನ್ನೂ ತಿಳಿದಿರಬೇಕು. ನಮ್ಮ ದೇಶದ ಮೊದಲ ಕಾರ್ಖಾನೆ ಕಾಯಿದೆ ೧೮೮೧ರದು. ಅಪಾಯದ ಯಂತ್ರಕ್ಕೆ ಬೇಲಿ ಹಾಕಬೇಕೆಂದು ಅದೇ ಹೇಳಿತು. ಸ್ವಾತಂತ್ರ್ಯ ಬಂದ ಮೇಲೆ ೧೯೪೮ರ ಕಾಯಿದೆ ಇನ್ನಷ್ಟು ಮುಂದೆ ಹೋಯಿತು. ಅಪಾಯದ ಯಂತ್ರದ ಮೇಲೆ ಎಳೆಯ ವಯಸ್ಸಿನವನನ್ನು ಹಾಕುವ ಮೊದಲು ಅದರ ಅಪಾಯಗಳನ್ನು ಪೂರ್ತಿ ತಿಳಿಸಿ ಸಾಕಷ್ಟು ತರಬೇತಿ ಕೊಡಬೇಕೆಂದು ವಿಧಿಸಿತು. ಆದರೆ ಎಲ್ಲ ಕೆಲಸಗಾರರಿಗೂ ಮಾಹಿತಿ, ಬೋಧನೆ, ತರಬೇತಿ, ಮೇಲ್ವಿಚಾರಣೆ ಒದಗಿಸುವುದು ಧಣಿಯ ಸಾಮಾನ್ಯ ಕರ್ತವ್ಯವೆಂದು ಆ ಕಾಯಿದೆಯಲ್ಲಿ ಬರೆಯಲು ೧೯೮೭ ಬರಬೇಕಾಯಿತು. ಅದಕ್ಕೆ ಮೊದಲು ೧೯೮೪ರ ಡಿಸೆಂಬರಿನಲ್ಲಿ ಭೋಪಾಳದಲ್ಲಿ ಸಾವಿರಾರು ಜನ ವಿಷಗಾಳಿ ಕುಡಿದು ಸಾಯಬೇಕಾಯಿತು. ಯಂತ್ರಕ್ಕೆ ಬೇಲಿ ಬಂದು ನೂರು ವರ್ಷವಾದ ಮೇಲೆ ಮನುಷ್ಯನಿಗೆ ತಿಳಿವಳಿಕೆ ಕೊಡುವ ಮಾತು ಬಂದಿತು. ತನ್ನ ಆರೋಗ್ಯಕ್ಕೆ, ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಕೇಳಿ ಪಡೆಯುವುದು ಕಾರ್ಮಿಕನ ಹಕ್ಕು ಎಂದು ಸ್ಪಷ್ಟವಾಗಿ ಬರೆದದ್ದೂ ಆಗಲೇ.

ಈಗ ಆ ಕಾಯಿದೆಯ ಸ್ಥಾನದಲ್ಲಿ ೨೦೨೦ರಲ್ಲಿ ಅಂಗೀಕಾರವಾದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಬಂದಿದೆ. ೨೦೨೫ರ ನವೆಂಬರ್ ೨೧ರಂದು ಅದು ಜಾರಿಗೆ ಬಂದಿತು. ಅದರಲ್ಲಿ ಒಳ್ಳೆಯದೂ ಇದೆ, ಆತಂಕಕ್ಕೆ ಎಡೆಯೂ ಇದೆ. ಪ್ರತಿ ನೌಕರನಿಗೂ ನೇಮಕದ ಪತ್ರ ಕೊಡಬೇಕು ಎಂದಿರುವುದು ಒಳ್ಳೆಯದು. ಮಾಹಿತಿ ಕೇಳುವ ಹಕ್ಕೂ, ಕೂಡಲೇ ಪ್ರಾಣಾಪಾಯವಿದೆ ಎಂದು ಕಂಡರೆ ಮೇಲಿನವರಿಗೆ ತಿಳಿಸುವ ಹಕ್ಕೂ ಉಳಿದಿವೆ. ಆದರೆ ವಿದ್ಯುತ್ತಿನಿಂದ ನಡೆಯುವ ಸ್ಥಳವನ್ನು ಕಾರ್ಖಾನೆ ಎಂದು ಕರೆಯಲು ಮೊದಲು ೧೦ ಜನ ಸಾಕಾಗಿತ್ತು, ಈಗ ೨೦ ಜನ ಬೇಕು. ಬೆರಳು ಹೋಗುವುದು ಹೆಚ್ಚಾಗಿ ಇಂತಹ ಸಣ್ಣ ಸ್ಥಳಗಳಲ್ಲೇ ಎಂಬುದನ್ನು ನೆನೆದರೆ, ಈ ಲೆಕ್ಕ ನಮಗೆ ಸಮಾಧಾನ ತರುವುದಿಲ್ಲ. ಕಾಯಿದೆ ಕೈಬಿಟ್ಟ ಕಡೆ ಸಂಘ ಕೈಹಿಡಿಯಬೇಕಾಗುತ್ತದೆ.

ಹಾಗಾದರೆ ಮೊದಲ ದಿನದ ಪಾಠದಲ್ಲಿ ಏನಿರಬೇಕು? ಗಂಟೆಗಟ್ಟಲೆ ಭಾಷಣ ಬೇಡ. ಹೊಸಬನ ತಲೆಯಲ್ಲಿ ಮೊದಲ ದಿನ ಹತ್ತು ಮಾತು ನಿಲ್ಲುವುದೇ ಕಷ್ಟ. ಅವನು ನಿನ್ನೆ ರಾತ್ರಿಯ ಬಸ್ಸಿನಲ್ಲಿ ಕೂತು ಬಂದವನು, ಉಳಿಯಲು ಜಾಗ ಸಿಕ್ಕಿತೇ ಎಂಬ ಚಿಂತೆಯಲ್ಲಿರುವವನು. ಅವನಿಗೆ ಮೊದಲು ಹೇಳಬೇಕಾದುದು ಜೀವ ಉಳಿಸುವ ನಾಲ್ಕಾರು ಮಾತು ಮಾತ್ರ.

ಮೊದಲನೆಯದು ದಾರಿ. ಅವನು ನಿಂತ ಜಾಗದಿಂದ ಹೊರಗೆ ಹೋಗುವ ಎರಡು ದಾರಿಗಳನ್ನು ಅವನ ಜೊತೆಗೆ ನಡೆದು ತೋರಿಸಬೇಕು. ನಕಾಶೆಯಲ್ಲಿ ತೋರಿಸಿದರೆ ಸಾಲದು. ಹೊಗೆ ತುಂಬಿದಾಗ ಕಣ್ಣು ಕಾಣುವುದಿಲ್ಲ. ಕಾಲು ನೆನಪಿಟ್ಟುಕೊಂಡ ದಾರಿಯೇ ಆಗ ಉಳಿಸುವುದು. ಹೊಗೆ ಮೇಲೇರುವುದರಿಂದ ಬಗ್ಗಿ, ಬೇಕಾದರೆ ತೆವಳಿ ಹೋಗಬೇಕು ಎಂಬುದನ್ನು ಅಲ್ಲೇ ಮಾಡಿಸಿ ತೋರಿಸಬೇಕು. ಕೆಲಸದ ಸ್ಥಳದಲ್ಲಿ ಯಾರೂ ಮಲಗುವ ಪರಿಸ್ಥಿತಿ ಬರಬಾರದು. ಬಂದೇ ಬಂದರೆ ಬಾಗಿಲಿಗೆ ಹೊರಗಿನಿಂದ ಬೀಗ ಬೀಳಬಾರದು.

ಎರಡನೆಯದು ನಿಲ್ಲಿಸುವುದು. ಯಂತ್ರವನ್ನು ಓಡಿಸುವುದನ್ನು ಕಲಿಸುವ ಮೊದಲು ನಿಲ್ಲಿಸುವುದನ್ನು ಕಲಿಸಬೇಕು. ಕೆಂಪು ಗುಂಡಿ ಎಲ್ಲಿದೆ, ಅದನ್ನು ಒತ್ತಿದರೆ ಯಾರೂ ಬೈಯುವುದಿಲ್ಲ ಎಂಬ ಎರಡು ಮಾತನ್ನೂ ಹೇಳಬೇಕು. ಒತ್ತುಯಂತ್ರವಾದರೆ ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅದು ಇಳಿಯುವಂತಿರಬೇಕು. ಕೆಲಸ ಬೇಗ ಆಗಲೆಂದು ಒಂದು ಗುಂಡಿಗೆ ಕಡ್ಡಿ ಸಿಕ್ಕಿಸಿ, ಕೈಯನ್ನು ಅಚ್ಚಿನೊಳಗೆ ಬಿಡುವ ಚಾಳಿಯನ್ನು ಯಾವ ಮುಕಾದಮ ಕಲಿಸಿದರೂ ಅದನ್ನು ಕಲಿಯಬಾರದು.

ಮೂರನೆಯದು ಬೀಗ. ದುರಸ್ತಿಗೆ ಯಂತ್ರದೊಳಗೆ ಕೈ ಇಡುವವನು ಮೊದಲು ವಿದ್ಯುತ್ತಿನ ಸ್ವಿಚ್ಚನ್ನು ಆರಿಸಿ, ಅದಕ್ಕೆ ತನ್ನದೇ ಬೀಗ ಹಾಕಿ, ಕೀಲಿಕೈಯನ್ನು ತನ್ನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಐದು ಜನ ಕೆಲಸ ಮಾಡುತ್ತಿದ್ದರೆ ಐದು ಬೀಗ. ಕೊನೆಯವನು ಹೊರಬರುವ ತನಕ ಯಂತ್ರ ಏಳಬಾರದು. ಒಂದು ಬೀಗಕ್ಕೆ ಎಷ್ಟು ಹಣ? ಒಂದು ಕೈಗೆ ಎಷ್ಟು?

ನಾಲ್ಕನೆಯದು ಗಾಳಿ. ಡ್ರಮ್ಮಿನಲ್ಲಿ ಏನಿದೆ, ಅದು ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂಬುದನ್ನು ಹೇಳಬೇಕು. ಟಾಕಿ, ಗುಂಡಿ, ಮೋರಿಗಳೊಳಗೆ ಇಳಿಯುವ ವಿಷಯದಲ್ಲಿ ಮಾತು ಇನ್ನೂ ಕಟುವಾಗಿರಬೇಕು. ಕೊಳೆತ ಮೋರಿಯ ಗಾಳಿ ಮೊದಲು ಕೆಟ್ಟ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುವುದರಿಂದ ವಾಸನೆ ಹೋಯಿತೆಂದು ತೋರುತ್ತದೆ. ವಾಸನೆ ಹೋದುದೇ ಸಾವಿನ ಸೂಚನೆ. ಒಳಗೆ ಬಿದ್ದವನನ್ನು ಎತ್ತಲು ಹೋದ ಅಣ್ಣ, ಅಣ್ಣನನ್ನು ಎತ್ತಲು ಹೋದ ಗೆಳೆಯ, ಹೀಗೆ ಸಾಲಾಗಿ ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ರಕ್ಷಣಾ ಸಾಧನವಿಲ್ಲದೆ ಮೋರಿ, ಮಲದ ಗುಂಡಿಗಳಿಗೆ ಮನುಷ್ಯನನ್ನು ಇಳಿಸುವುದನ್ನು ೨೦೧೩ರ ಕಾಯಿದೆ ನಿಷೇಧಿಸಿದೆ. ಇಳಿ ಎಂದವನಿಗೆ ಒಲ್ಲೆ ಎನ್ನುವುದು ಅಪರಾಧವಲ್ಲ.

ಐದನೆಯದು ಚೀಟಿ. ರಾಜ್ಯ ವಿಮೆಯ ನಂಬರು ಮೊದಲ ದಿನವೇ ಕೈಯಲ್ಲಿರಬೇಕು. ಕೆಲಸದಲ್ಲಾದ ಗಾಯಕ್ಕೆ ಈ ವಿಮೆ ಸೇರಿದ ದಿನದಿಂದಲೇ ಅನ್ವಯಿಸುತ್ತದೆ. ಇಷ್ಟು ತಿಂಗಳು ದುಡಿದಿರಬೇಕೆಂಬ ನಿಬಂಧನೆ ಇಲ್ಲ. ಗಾಯವಾಗಿ ಮನೆಯಲ್ಲಿ ಕೂರಬೇಕಾದರೆ ಸರಾಸರಿ ಕೂಲಿಯ ನೂರಕ್ಕೆ ೯೦ ಪಾಲು ಸಿಗುತ್ತದೆ. ೨೦೧೯ರ ಜುಲೈಯಿಂದ ಇದಕ್ಕೆ ಕಾರ್ಮಿಕನ ಪಾಲು ಸಂಬಳದ ನೂರಕ್ಕೆ ಮುಕ್ಕಾಲು, ಧಣಿಯ ಪಾಲು ಮೂರೂಕಾಲು. ತನ್ನ ಸಂಬಳದಿಂದ ಮುಕ್ಕಾಲು ಮುರಿದುಕೊಂಡ ಮೇಲೆ ಚೀಟಿ ಎಲ್ಲಿ ಎಂದು ಕೇಳಲು ಯಾರೂ ನಾಚಬೇಕಾಗಿಲ್ಲ. ಕಂತ್ರಾಟುದಾರನ ಕೈಕೆಳಗಿನವನಾದರೂ ಪರಿಹಾರದ ಹೊಣೆಯಿಂದ ಮೂಲ ಧಣಿ ಜಾರಿಕೊಳ್ಳುವಂತಿಲ್ಲ ಎಂಬುದು ೧೯೨೩ರ ಪರಿಹಾರ ಕಾಯಿದೆಯ ಕಾಲದಿಂದಲೂ ಇರುವ ನಿಯಮ.

ಈ ಐದನ್ನು ಹೇಳಿದರೆ ಮಾತ್ರ ಸಾಲದು; ಹೇಗೆ ಹೇಳುತ್ತೇವೆ ಎಂಬುದೇ ಮುಖ್ಯ. ಸೂಚನಾ ಫಲಕಗಳು ಬಹುತೇಕ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇರುತ್ತವೆ. ಮರಾಠಿಯ ಬಗ್ಗೆ ನಮಗೆ ಯಾವ ಆಕ್ಷೇಪವೂ ಇಲ್ಲ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಕಲಿಯುವುದು ನಮ್ಮ ಕರ್ತವ್ಯ. ಆದರೆ ಭಾಷೆ ಕಲಿಯಲು ವರ್ಷ ಬೇಕು, ಯಂತ್ರ ಒಂದು ಕ್ಷಣವೂ ಕಾಯುವುದಿಲ್ಲ. ಬಿಹಾರದವನಿಗೆ ಹಿಂದಿಯಲ್ಲಿ, ನಮ್ಮವನಿಗೆ ಕನ್ನಡದಲ್ಲಿ, ಓದು ಬಾರದವನಿಗೆ ಚಿತ್ರದಲ್ಲಿ ಹೇಳಬೇಕು. ಹೇಳಿದ ಮೇಲೆ “ತಿಳಿಯಿತೇ?” ಎಂದು ಕೇಳಬಾರದು. ಹಾಗೆ ಕೇಳಿದರೆ ತಿಳಿಯದವನೂ ತಲೆಯಾಡಿಸುತ್ತಾನೆ. ಇಲ್ಲವೆಂದರೆ ಕೆಲಸ ಹೋದೀತು ಎಂಬ ಹೆದರಿಕೆ ಅವನಿಗೆ. “ಈಗ ನೀನು ಮಾಡಿ ತೋರಿಸು” ಎನ್ನಬೇಕು. ಮಾಡಿ ತೋರಿಸಿದ ಮೇಲೆ ಸಹಿ. ಅನಂತರ ಮೊದಲ ಒಂದು ವಾರ ಒಬ್ಬ ಹಳಬನ ಪಕ್ಕದಲ್ಲಿ ಅವನನ್ನು ನಿಲ್ಲಿಸಬೇಕು. ಹಾಗೆ ಕಲಿಸುವ ಹಳಬನಿಗೆ ಆ ವಾರ ಮಾಲಿನ ಲೆಕ್ಕದಲ್ಲಿ ರಿಯಾಯಿತಿ ಇರಬೇಕು. ಇಲ್ಲವಾದರೆ ಅವನಿಗೂ ಕಲಿಸುವ ಪುರಸೊತ್ತು ಇರದು.

ಹೊರಗಿನಿಂದ ಒಂದೆರಡು ದಿನಕ್ಕೆಂದು ಬರುವ ಕಂತ್ರಾಟುದಾರನ ಜನರ ಗತಿ ಇನ್ನೂ ಕಷ್ಟದ್ದು. ವೆಲ್ಡಿಂಗ್ ಮಾಡುವವನು, ಮಾಡಿನ ತಗಡು ಹಾಕುವವನು, ಬಣ್ಣ ಬಳಿಯುವವನು ಗೇಟಿನಿಂದ ನೇರ ಕೆಲಸಕ್ಕೆ ಹೋಗುತ್ತಾರೆ. ತಾನು ಕತ್ತರಿಸುತ್ತಿರುವ ಕೊಳವೆಯಲ್ಲಿ ನಿನ್ನೆಯವರೆಗೆ ಏನು ಹರಿಯುತ್ತಿತ್ತು ಎಂಬುದು ಅವನಿಗೆ ತಿಳಿಯದು, ತಿಳಿದವನು ಅಲ್ಲಿರುವುದಿಲ್ಲ. ಬೆಂಕಿಯ ಕೆಲಸಕ್ಕೆ, ಎತ್ತರದ ಕೆಲಸಕ್ಕೆ, ಟಾಕಿಯೊಳಗಿನ ಕೆಲಸಕ್ಕೆ ಕಾರ್ಖಾನೆಯ ಜವಾಬ್ದಾರ ಅಧಿಕಾರಿ ಸ್ಥಳಕ್ಕೆ ಬಂದು ನೋಡಿ, ಲಿಖಿತ ಪರವಾನಗಿ ಕೊಟ್ಟ ಮೇಲೆಯೇ ಕೈ ಹಾಕಬೇಕು. ಮೇಜಿನ ಮೇಲೆ ಕೂತು ಬರೆದ ಪರವಾನಗಿ ಮೊದಲು ಹೇಳಿದ ರಸೀದಿಯ ತಮ್ಮನಷ್ಟೇ. ಕಂತ್ರಾಟುದಾರರಲ್ಲಿಯೂ ನಮ್ಮವರಿದ್ದಾರೆ. ಅವರಿಗೂ ನಮ್ಮದೊಂದು ಮಾತು: ಅಗ್ಗದ ಟೆಂಡರು ಹಾಕುವಾಗ ಹಗ್ಗ, ಪಟ್ಟಿ, ಟೋಪಿಗಳ ಖರ್ಚನ್ನು ಮೊದಲು ಕಡಿಯಬೇಡಿ. ಕರೆತಂದ ಹುಡುಗನ ತಾಯಿ ನಿಮ್ಮ ಊರಿನವಳು.

ಇಷ್ಟು ಹೊತ್ತು ಕಾರ್ಖಾನೆಯ ಮಾತಾಯಿತು. ಹೋಟೆಲಿನ ನಮ್ಮ ಬಂಧುಗಳು ಇದು ತಮಗಲ್ಲ ಎಂದು ಪುಟ ತಿರುಗಿಸಬಾರದು. ೨೦೧೫ರ ಅಕ್ಟೋಬರ್ ೧೬ರಂದು ಮುಂಬಯಿಯ ಕುರ್ಲಾದ ಹೋಟೆಲೊಂದರಲ್ಲಿ ಗ್ಯಾಸಿನ ಬೆಂಕಿಗೆ ಎಂಟು ಜನ ಬಲಿಯಾದರು. ಅವರಲ್ಲಿ ಹೆಚ್ಚಿನವರು ಊಟಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು. ಅಡಿಗೆಮನೆ ಒಂದು ಕಾರ್ಖಾನೆಯೇ. ಅಲ್ಲಿ ಬೆಂಕಿಯಿದೆ, ಕುದಿಯುವ ಎಣ್ಣೆಯಿದೆ, ವಿದ್ಯುತ್ತಿದೆ, ನೀರು ನಿಂತ ನೆಲವಿದೆ, ತಿರುಗುವ ಯಂತ್ರವಿದೆ. ಕುಂದಾಪುರದ ಕಡೆಯಿಂದ ಬಂದ ಹದಿನೆಂಟರ ಹುಡುಗನನ್ನು ಮೊದಲ ದಿನ ಬಟ್ಟಲು ತೊಳೆಯಲು ಹಚ್ಚುತ್ತಾರೆ. ಮೂರನೆಯ ದಿನ ರುಬ್ಬುವವನು ಬರಲಿಲ್ಲವೆಂದು ಅವನನ್ನೇ ರುಬ್ಬುವ ಯಂತ್ರಕ್ಕೆ ಹಚ್ಚುತ್ತಾರೆ. ಕಲ್ಲು ತಿರುಗುತ್ತಿರುವಾಗ ಹಿಟ್ಟನ್ನು ಕೈಯಿಂದ ದೂಡಬಾರದು ಎಂದು ಅವನಿಗೆ ಯಾರು ಹೇಳಿದರು?

ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ಹರಡಿ ಮೋರಿಯಲ್ಲಿ, ಮೆಟ್ಟಲಿನ ಕೆಳಗೆ ಕೂಡುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅಡಿಗೆಮನೆಯ ಬಾಗಿಲು ತೆರೆದಾಗ ವಾಸನೆ ಬಂದರೆ ದೀಪದ ಸ್ವಿಚ್ಚು ಮುಟ್ಟಬಾರದು, ಕಡ್ಡಿ ಗೀರಬಾರದು, ಫ್ಯಾನು ಹಾಕಬಾರದು. ಬಾಗಿಲು ಕಿಟಕಿ ತೆರೆದು, ಸಿಲಿಂಡರಿನ ಕವಾಟ ಮುಚ್ಚಿ ಹೊರಗೆ ಬರಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಸುರಿದರೆ ಎಣ್ಣೆ ಸಿಡಿದು ಬೆಂಕಿ ಮಾಡಿಗೇರುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಬೇಕು. ಇಷ್ಟು ಮಾತು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಸಿಗದೆ ಮುಖ ಸುಟ್ಟುಕೊಂಡವರನ್ನು ನಾವು ಬಲ್ಲೆವು.

ಇನ್ನೊಂದು ಮಾತನ್ನು ಅಳುಕಿಲ್ಲದೆ ಹೇಳಬೇಕು. ವಾಳುಂಜದ ಆ ರಾತ್ರಿಯ ಸುದ್ದಿ ಓದಿ ನಾವು ಮರುಗಿದೆವು. ಆದರೆ ನಮ್ಮ ಹೋಟೆಲುಗಳಲ್ಲಿ ಹುಡುಗರು ಎಲ್ಲಿ ಮಲಗುತ್ತಾರೆ? ಮೇಜುಗಳನ್ನು ಜೋಡಿಸಿ ಅದೇ ಹೋಟೆಲಿನಲ್ಲಿ, ಇಲ್ಲವೆ ಅಟ್ಟದ ಮೇಲೆ. ರಾತ್ರಿ ಶಟರು ಎಳೆದು ಹೊರಗಿನಿಂದ ಬೀಗ ಹಾಕಿ ಕೀಲಿಕೈ ಮನೆಗೆ ಒಯ್ಯುವ ಮಾಲಕರು ಇನ್ನೂ ಇದ್ದಾರೆ. ಅವರು ಕೆಟ್ಟವರಲ್ಲ, ತಾವೂ ಒಂದು ಕಾಲಕ್ಕೆ ಹಾಗೆಯೇ ಮಲಗಿ ಮೇಲೆ ಬಂದವರು. ಆದುದರಿಂದಲೇ ಅವರಲ್ಲಿ ನಮ್ಮ ವಿನಂತಿ: ಇಂದು ರಾತ್ರಿಯೇ ಒಳಗಿನಿಂದ ತೆರೆಯಬಹುದಾದ ಬಾಗಿಲೊಂದನ್ನು ಮಾಡಿಸಿರಿ. ಗಲ್ಲೆಯ ಹಣಕ್ಕೆ ಬೀಗವಿರಲಿ, ಮಕ್ಕಳಿಗೆ ಬೇಡ.

ಮಾಲಕರ ಕಡೆಯಿಂದ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಕಲಿಸಿದರೂ ಹುಡುಗರು ಹದಿನೈದು ದಿನಕ್ಕೆ ಬಿಟ್ಟು ಹೋಗುತ್ತಾರೆ ಎನ್ನುತ್ತಾರೆ. ನಿಜ. ಆದರೆ ಕಲಿಸದೆ ಇದ್ದಾಗ ಅವರು ಬಿಟ್ಟು ಹೋಗುವುದು ನಿಂತಿದೆಯೇ? ಕೆಲಸದ ಹೊತ್ತು ಹಾಳಾಗುತ್ತದೆ ಎನ್ನುತ್ತಾರೆ. ಒಂದು ಅಪಘಾತವಾದ ದಿನ ಯಂತ್ರ ಎಷ್ಟು ಹೊತ್ತು ನಿಲ್ಲುತ್ತದೆ, ಪೋಲೀಸು, ಆಸ್ಪತ್ರೆ, ಕೋರ್ಟುಗಳಿಗೆ ಎಷ್ಟು ದಿನ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಲಿ. ಕಾರ್ಮಿಕನೇ ಅಜಾಗರೂಕ, ಕೊಟ್ಟ ಟೋಪಿ ಹಾಕುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. “ಇಪ್ಪತ್ತು ವರ್ಷದಿಂದ ಮಾಡ್ತಾ ಇದ್ದೇನೆ, ನನಗೇನಾದೀತು” ಎನ್ನುವ ಹಳಬರು ನಮ್ಮಲ್ಲಿದ್ದಾರೆ. ಹೊಸಬ ಕಲಿಯುವುದು ಫಲಕವನ್ನು ನೋಡಿ ಅಲ್ಲ, ಅವರನ್ನು ನೋಡಿ. ಹಿರಿಯನು ಪಟ್ಟಿ ಕಟ್ಟದೆ ಏಣಿ ಹತ್ತಿದರೆ ಕಿರಿಯನೂ ಹತ್ತುತ್ತಾನೆ, ಬೀಳುವವನು ಕಿರಿಯ. ಆದರೆ ಗಂಟೆಗೆ ಇಷ್ಟು ಮಾಲು ಎಂದು ಕುತ್ತಿಗೆಯ ಮೇಲೆ ಕೂತವರೇ ಅಜಾಗರೂಕತೆಯ ದೂರು ಹೇಳುವುದು ನ್ಯಾಯವಲ್ಲ. ಅವಸರ ಹೇರಿದವನು ಯಾರು ಎಂಬುದನ್ನೂ ವಿಚಾರಣೆಯಲ್ಲಿ ಬರೆಯಬೇಕು.

ಸರಕಾರದ ಹೊಣೆಯೂ ಕಡಿಮೆಯಲ್ಲ. ಮಹಾರಾಷ್ಟ್ರದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಚಾಲನಾಲಯಕ್ಕೆ ನಾಸಿಕದಲ್ಲೂ ಸಂಭಾಜಿನಗರದಲ್ಲೂ ಕಚೇರಿಗಳಿವೆ. ತನಿಖೆಗೆ ಹೋದ ಅಧಿಕಾರಿ ಸಹಿ ಹಾಕಿದ ಕಾಗದದ ಕಟ್ಟನ್ನು ನೋಡಿ ಹಿಂದಿರುಗಬಾರದು. ವಾರದ ಹಿಂದೆ ಸೇರಿದ ಒಬ್ಬ ಕಂತ್ರಾಟು ಕಾರ್ಮಿಕನನ್ನು ಬದಿಗೆ ಕರೆದು, “ಬೆಂಕಿ ಬಿದ್ದರೆ ಎಲ್ಲಿ ಹೋಗುತ್ತೀಯಪ್ಪಾ?” ಎಂದು ಕೇಳಲಿ. ಅವನು ಬಾಗಿಲಿನತ್ತ ಬೆರಳು ತೋರಿದರೆ ಪಾಠವಾಗಿದೆ. ಮುಕಾದಮನ ಮುಖ ನೋಡಿದರೆ ಪಾಠವಾಗಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನಮಗೆ ತೋರದು.

ಕೊನೆಯಲ್ಲಿ ನಮ್ಮ ಕರ್ತವ್ಯ. ಮುಂಬಯಿಯ ಕನ್ನಡಿಗರು ಒಂದು ಕಾಲದಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದರು. ಹಗಲು ಕಪ್ಪುಬಸಿ ತೊಳೆದ ಹುಡುಗ ರಾತ್ರಿ ಅಕ್ಷರ ಕಲಿತ. ಅಲ್ಲಿಂದ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲಕರೂ ಆದರು. ಆ ಶಾಲೆ ಕಟ್ಟಿಕೊಡಿ ಎಂದು ಅವರು ಯಾರ ಬಾಗಿಲಲ್ಲೂ ಕಾಯಲಿಲ್ಲ. ಇಂದು ಬೇಕಾಗಿರುವುದು ಇನ್ನೊಂದು ಬಗೆಯ ಅಕ್ಷರಾಭ್ಯಾಸ. ನಮ್ಮ ಸಂಘದ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ. ಒಂದು, ಮೇಲೆ ಹೇಳಿದ ಐದು ಮಾತುಗಳನ್ನೂ ಅಡಿಗೆಮನೆಯ ಮಾತುಗಳನ್ನೂ ಚಿತ್ರಸಹಿತ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಊರಿನಿಂದ ಹೊರಡುವವರ ಕೈಗೆ ಬಸ್ಸು ಹತ್ತುವ ಮೊದಲೇ ತಲಪಿಸುವುದು. ಎರಡು, ಭಾನುವಾರ ಎರಡು ಗಂಟೆಯ ತರಗತಿ. ನಿವೃತ್ತರಾದ ಗಿರಣಿ ಫಿಟ್ಟರುಗಳು, ವಿದ್ಯುತ್ ಕೆಲಸದವರು, ಹಿರಿಯ ಅಡಿಗೆಭಟ್ಟರು ನಮ್ಮ ನಡುವೆಯೇ ಇದ್ದಾರೆ. ಅವರಿಗಿಂತ ಒಳ್ಳೆಯ ಮಾಸ್ತರರು ಎಲ್ಲಿ ಸಿಗುತ್ತಾರೆ? ಕಳೆದುಕೊಂಡ ಬೆರಳನ್ನು ತೋರಿಸಿ ಪಾಠ ಹೇಳಲು ಒಪ್ಪುವ ಧೈರ್ಯವಂತರಿದ್ದರೆ ಅವರಿಗೆ ಮೊದಲ ಕುರ್ಚಿ. ಮೂರು, ನಾಸಿಕ, ಸಂಭಾಜಿನಗರಗಳಲ್ಲಿರುವ ಕನ್ನಡ ಬಂಧುಗಳೊಡನೆ ಪತ್ರವ್ಯವಹಾರ. ಅಲ್ಲಿಗೆ ಹೋಗುವ ಹುಡುಗನಿಗೆ ಉಳಿಯುವ ಜಾಗದ ವಿಳಾಸ ಕೊಡುವಂತೆ, ಗಾಯವಾದರೆ ಯಾರ ಬಳಿಗೆ ಹೋಗಬೇಕೆಂಬ ವಿಳಾಸವನ್ನೂ ಕೊಡಬೇಕು.

ಇಂಡಿಯ ಕಡೆಯ ಆ ಹುಡುಗ ಮರಳಿ ಊರಿಗೆ ಹೋಗಿಲ್ಲ. ತನ್ನ ತಮ್ಮನೂ ಈ ವರ್ಷ ದುಡಿಯಲು ಬರುತ್ತಾನೆ ಎಂದು ಹೇಳಿದ. ಬರುವುದನ್ನು ನಾವು ತಡೆಯಲಾರೆವು. ಮಳೆ ಕೈಕೊಟ್ಟ ಹೊಲ ಅವರನ್ನು ಕಳಿಸುತ್ತದೆ. ಆ ತಮ್ಮನಿಗೂ ಅವನಂತೆ ಬರುವ ಎಲ್ಲರಿಗೂ ನಮ್ಮ ಒಂದೇ ಮಾತು. ಮೊದಲ ದಿನ, ಕಾಗದಕ್ಕೆ ಸಹಿ ಹಾಕುವ ಮೊದಲು, ಮುಕಾದಮನನ್ನು ಕೇಳು: “ಇದನ್ನು ನಿಲ್ಲಿಸುವುದು ಹೇಗೆ? ಹೊರಗೆ ಹೋಗುವುದು ಎಲ್ಲಿಂದ?” ಉತ್ತರ ಬಂದರೆ ಕೆಲಸಕ್ಕೆ ನಿಲ್ಲು. ಬಾರದಿದ್ದರೆ ನಿನ್ನ ಪಕ್ಕದವನೂ ಅದನ್ನೇ ಕೇಳಲಿ, ಅವನ ಪಕ್ಕದವನೂ ಕೇಳಲಿ. ಒಬ್ಬ ಕೇಳಿದರೆ ತಲೆಹರಟೆ ಎನ್ನುತ್ತಾರೆ. ಇಪ್ಪತ್ತು ಜನ ಕೇಳಿದರೆ ಉತ್ತರ ಕೊಡುತ್ತಾರೆ. ಸಂಘ ಹುಟ್ಟಿದ್ದೇ ಆ ಇಪ್ಪತ್ತು ಜನರಿಂದ.